ಒಡೆದ ಕುಂಬಳಕಾಯಿಯ ಬೀಜ

ಮುಧೋಳ,
ಸೋಮವಾರ, ೧೭ ನವೆಂಬರ್ ೨೦೨೫

ನನ್ನ ಮುದ್ದು ಶೀತಲ,

ಮೊದಲು ಅವ್ವನದೊಂದು ಮುತ್ತು ತೆಗೆದುಕೋ. ಪಾದದ ನೋವು ಹೇಗಿದೆ? ವಾರ್ಡಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಳ್ಳಬೇಡ, ಬಿಸಿನೀರಿಗೆ ಉಪ್ಪು ಹಾಕಿ ಅದರಲ್ಲಿ ಇಟ್ಟುಕೋ. ಊರಿಗೆಲ್ಲ ಬುದ್ಧಿ ಹೇಳುವ ನರ್ಸಬಾಯಿ ತಾನು ಮಾತ್ರ ಚಹಾ-ಬಿಸ್ಕೀಟಿನ ಮೇಲೆ ಬದುಕುತ್ತಾಳೆಂದು ನನಗೆ ಗೊತ್ತಿಲ್ಲವೇ! ಫೋನಿರುವಾಗ ಕಾಗದವೇಕೆ ಎನ್ನಬೇಡ. ಅಪ್ಪನ ಹೆಸರೆತ್ತಿದ ಕೂಡಲೇ ನೀನು ಫೋನ್ ಇಟ್ಟುಬಿಡುತ್ತೀ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀ ಎಂಬ ಆಸೆ ನನಗೆ.

ನಿನ್ನೆ ನಮ್ಮ ಚರ್ಚಿನ ಸುಗ್ಗಿಹಬ್ಬ ಆಯಿತು. ನಾಲ್ಕು ವರ್ಷದ ಹಿಂದಿನ ಹಬ್ಬ ನಿನಗೆ ಮರೆತಿರಲಿಕ್ಕಿಲ್ಲ. ದೇವರಿಗೆ ಕೊಟ್ಟ ಬೆಳೆಯನ್ನು ಆರಾಧನೆ ಮುಗಿದ ಮೇಲೆ ಲಿಲಾವು ಕೂಗಿ ಮಾರುವಾಗ, ನಿಮ್ಮಜ್ಜಿ ತಂದಿದ್ದ ಒಂದು ಕುಂಬಳಕಾಯಿಗಾಗಿ ನಿಮ್ಮಪ್ಪ ಮತ್ತು ಪ್ರೇಮಕುಮಾರ ಕಾಕಾ, ಅಣ್ಣ-ತಮ್ಮ ಇಬ್ಬರೂ ಹಟಕ್ಕೆ ಬಿದ್ದು ಸವಾಲು ಏರಿಸಿದ್ದೇ ಏರಿಸಿದ್ದು. ಗೆದ್ದವರು ನಿಮ್ಮಪ್ಪ. "ದೇವರ ಹೆಸರಲೆ ಮೀಸಿ ತಿರವಾಕತ್ತೀ ನೋಡಣ್ಣಾ" ಎಂದ ಕಾಕಾ. ಅಷ್ಟಕ್ಕೇ ಇವರು ಸಿಟ್ಟಿನ ಕೈಗೆ ಬುದ್ಧಿ ಕೊಟ್ಟು, ಆ ಕಾಯಿಯನ್ನು ಚರ್ಚಿನ ಮೆಟ್ಟಿಲ ಮೇಲೆಯೇ ಅಪ್ಪಳಿಸಿ ಒಡೆದರು. ಅಂದಿನಿಂದ ಚರ್ಚೂ ಬಿಟ್ಟರು, ತಮ್ಮನನ್ನೂ ಬಿಟ್ಟರು. ಕಾಕಾನ ಮನೆಗೆ ಊಟಕ್ಕೆ ಹೋದ ತಪ್ಪಿಗೆ "ಆ ಹೊಸ್ತಿಲಾ ತುಳದಾಕಿ ಈ ಹೊಸ್ತಿಲಾ ತುಳಿಬ್ಯಾಡ" ಎಂದು ನಿನ್ನನ್ನೂ ಹೊರಗೆ ಹಾಕಿದರು.

ಅಂದು ಮೆಟ್ಟಿಲ ಮೇಲೆ ಚೆಲ್ಲಿದ್ದ ಬೀಜವನ್ನು ನಾನು ಸೆರಗಿನಲ್ಲಿ ಆರಿಸಿ ತಂದಿದ್ದೆ. ವರ್ಷವೂ ಹಿತ್ತಲಲ್ಲಿ ಹಾಕಿದೆ, ಕಾಯಿ ನಿಲ್ಲಲಿಲ್ಲ. ಈ ಸಲ ನೋಡು, ಬಳ್ಳಿ ತಗಡಿನ ಮೇಲೇರಿ ಕೊಡದಂಥ ಕಾಯಿ ಬಿಟ್ಟಿತು! ದಿನಾ ನೀರು ಹಾಕಿದವರು ನಿಮ್ಮಪ್ಪನೇ. "ಭಾಳ ಛಲೋ ಬೀಜ ಐತಲ್ಲಬೇ, ಎಲ್ಲಿಂದ ತಂದಿ?" ಎಂದು ಕೇಳಿದರು. ಹೇಳಿಬಿಟ್ಟೆ. ಆ ರಾತ್ರಿ ಅವರು ಊಟದ ತಾಟಿಗೆ ಕೈ ಹಚ್ಚಲಿಲ್ಲ. ಮರುದಿನ ಮುಂಜಾನೆ ಹಿತ್ತಲಿಗೆ ಹೋದರೆ ಬಳ್ಳಿಯ ಬುಡದಲ್ಲಿ ಮೊಣಕಾಲೂರಿ ಅಳುತ್ತಿದ್ದರು. "ಕರ್ತನೇ, ನಿನ್ನ ಪಾಲು ಒಡದಾವ ನಾ. ಆದರೂ ನನ್ನ ಹಿತ್ತಲಕ್ಕ ಹೊಳ್ಳಿ ಕಳಿಸಿದೆಲ್ಲೋ ತಂದಿ." ನಾನೂ ಪಕ್ಕದಲ್ಲಿ ಮೊಣಕಾಲೂರಿದೆ.

ನಿನ್ನೆ ಅದೇ ಕಾಯಿ ಹೊತ್ತು ಚರ್ಚಿಗೆ ಬಂದರು. ಕಾಕಾ ಬಂದಿರಲಿಲ್ಲ. ಕಾಣಿಕೆ ಕೊಡುವ ಮುಂಚೆ ಸಹೋದರನೊಡನೆ ಸಮಾಧಾನ ಮಾಡಿಕೊಳ್ಳಿರಿ ಎಂದು ಪಾಸ್ಟರರು ಪ್ರಸಂಗದಲ್ಲಿ ಹೇಳಿದ್ದೇ ತಡ, ನಿಮ್ಮಪ್ಪ ದಡಕ್ಕನೆ ಎದ್ದು, ಕಾಯಿಯನ್ನು ವೇದಿಯ ಮುಂದಿಟ್ಟು ಹೊರಗೆ ನಡೆದೇಬಿಟ್ಟರು. "ಬಂತು ನೋಡವಾ ಮತ್ತ ಸಿಟ್ಟು" ಎಂದು ಪಕ್ಕದಲ್ಲಿ ಕೂತಿದ್ದ ಮಧುಮತಿ ನನ್ನನ್ನು ತಿವಿದಳು. ನಾನು ನಾಚಿಕೆಯಿಂದ ತಲೆ ಎತ್ತಲಿಲ್ಲ. ಎರಡು ಕೀರ್ತನೆ ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಗಾಡಿಯ ಸದ್ದು. ಅಪ್ಪನ ಹಿಂದೆ ಕಾಕಾ! ಅರ್ಧ ಗಡ್ಡ ಬೋಳಿಸಿದೆ, ಇನ್ನರ್ಧಕ್ಕೆ ಸೋಪಿನ ನೊರೆ! "ದೇವರ ಮುಂದ, ನಿಮ್ಮೆಲ್ಲಾರ ಮುಂದ ನಂದು ತಪ್ಪಾತ್ರೀ" ಎಂದು ಅಪ್ಪ ಕೈ ಮುಗಿದರು. "ನಂದೂ ತಪ್ಪೈತಿ ಅಣ್ಣಾ, ಖರೆ ಮಾರಿ ತೊಳಕೊಳ್ಳಾಕರೆ ಬಿಡಬೇಕಿತ್ತು" ಎಂದ ಕಾಕಾ. ಸಭೆಯೆಲ್ಲ ಅಳುತ್ತಲೇ ನಕ್ಕಿತು. ಆಮೇಲೆ ನಿಮ್ಮಪ್ಪ ನಾಲ್ಕು ವರ್ಷ ಮುಟ್ಟದಿದ್ದ ಚರ್ಚಿನ ತಬಲಾ ಎಳೆದುಕೊಂಡು ಕೂತರು. ತಾಳ ತಪ್ಪಿತು, ಆದರೆ ಅಷ್ಟು ಚಂದದ ತಬಲಾ ನಾನು ಕೇಳಿಯೇ ಇಲ್ಲ.

ಕಾಕಾ, ಕಾಕಿ ನಿನ್ನನ್ನು ಕೇಳಿದ್ದಾರೆ. ಕರ್ತನ ಕೈ ನಿನ್ನ ತಲೆಯ ಮೇಲಿರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅವ್ವ,
ತಾಯವ್ವ

ಮರೆತಿದ್ದೆ: ಆ ಕುಂಬಳಕಾಯಿಯನ್ನು ಅಣ್ಣ-ತಮ್ಮ ಕೂಡಿಯೇ ಸವಾಲಿನಲ್ಲಿ ಹಿಡಿದರು. ಶುಕ್ರವಾರ ನಾನು, ಕಾಕಿ ಸೇರಿ ಅದರ ಸಿಹಿ ಗಾರಿಗೆ ಕರಿಯುತ್ತೇವೆ. ಡಬ್ಬಿ ಹಿಡಿದುಕೊಂಡು ಶನಿವಾರ ನಿಮ್ಮಪ್ಪ ಮಿರಜಕ್ಕೆ ನಿನ್ನ ಮನೆಗೇ ಬರುತ್ತಾರೆ. ಮುಂಜಾನೆಯಿಂದ ಎಮ್ಮೆಯ ಮುಂದೆ ನಿಂತು "ತಪ್ಪಾತವಾ ಶೀತಲ" ಎಂದು ರೂಢಿ ಮಾಡಿಕೊಳ್ಳುತ್ತಿದ್ದಾರೆ. "ಹೊಸ್ತಿಲದ ಹೊರಗ ನಿಂದರತೇನಿ, ಆಕಿ ಕರದ್ರಷ್ಟ ಒಳಗ ಹೋಗತೇನಿ" ಎನ್ನುತ್ತಾರೆ. ಒಳಗೆ ಕರೆಯೇ, ನನ್ನವ್ವಾ.