ಮಾತಾಡಿ, ನಿಂತು, ಕೇಳಿ

ಜುಲೈ 3, ಬುಧವಾರ
ಐಸ್ ಬಾಕ್ಸ್ ಹೆಗಲಿಗೆ. ಬೆಟ್ಟದ ಬಸ್ ಇಳಿದು ಸೋಲಿಗರ ಹಾಡಿಗೆ, ಅವರ ಮಾತಲ್ಲಿ ಪೋಡಿಗೆ, ಕಾಡುದಾರಿ. ವಾರಕ್ಕೊಮ್ಮೆ ಅಲ್ಲಿಂದ ಸರ್ಕಾರಿ ಆಸ್ಪತ್ರೆಗೆ ರಕ್ತದ ಸ್ಯಾಂಪಲ್ ತರುವ ಕೆಲಸ. ಇಷ್ಟು ದಿನ ಮುಂದೆ ಅರಣ್ಯ ಇಲಾಖೆಯ ವಾಚರ್ ಜಡೇಸ್ವಾಮಿ ನಡೆಯುತ್ತಿದ್ದ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಬದಲಿಗೆ ಯಾರನ್ನಾದರೂ ಕಳಿಸಿ ಅಂದರೆ ರೇಂಜ್ ಆಫೀಸಿನವರು ‘ನೋಡೋಣ’ ಅಂದರು. ಸರ್ಕಾರಿ ‘ನೋಡೋಣ’ ನನಗೆ ಗೊತ್ತಿಲ್ಲದ್ದೇ... ನಾನೂ ಹೇಳುವವನೇ.

ಒಬ್ಬನೇ ಹೊರಟೆ. ಭಯಕ್ಕೆ ಮೊಬೈಲಿನಲ್ಲಿ ಹಾಡು ಜೋರಾಗಿ ಹಾಕಿಕೊಂಡೆ. ಪೋಡಿನ ಕ್ಯಾತಮ್ಮ ದೂರದಿಂದಲೇ ಕೇಳಿಸಿಕೊಂಡು ಬೈದಳು.

“ಅದು ಕಿರುಚ್ತಿದ್ರೆ ಆನೆ ಸೊಪ್ಪು ಮುರಿಯೋದು ನಿಮ್ಗೆ ಕೇಳ್ಸುತ್ತಾ ಸಾ? ಬಾಯಲ್ಲಿ ಮಾತಾಡ್ಕಂಡು ಬನ್ನಿ. ವಸಿ ಮಾತಾಡಿ, ನಿಂತ್ಕಂಡು ಕೇಳಿ. ಆಮೇಕೆ ಮುಂದುಕ್ ಓಗಿ.”

“ಒಬ್ನೇ ಯಾರ ಹತ್ರ ಮಾತಾಡ್ಲಿ ಕ್ಯಾತಮ್ಮ?”

“ಯಾರಾದ್ರೇನು. ಕರಡಿ ದಾರಿ ಬಿಡಕ್ಕೆ ಬೇಕಿರೋದು ಸದ್ದು ಅಷ್ಟೆಯ.”

ಜುಲೈ 10
ಏನು ಮಾತಾಡುವುದು? ಹೆಂಡತಿ ಪುಷ್ಪ ತೀರಿಕೊಂಡ ಮೇಲೆ ಕೊಳ್ಳೇಗಾಲದ ಮನೆಯಲ್ಲಿ ಕುಕ್ಕರ್ ಒಂದೇ ಬಾಯಿ ಬಿಡುವುದು. ಮೊದಲು ಮಗ್ಗಿ ಹೇಳಿಕೊಂಡು ನಡೆದೆ. ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಹಾಕಿಕೊಂಡೆ. ಆಮೇಲೆ ತಾನಾಗಿ ಬಾಯಿಗೆ ಬಂತು — ‘ನೋಡು ಪುಷ್ಪಾ, ನಿನ್ನೆ ಹಾಲು ಒಡೆದುಹೋಯ್ತು.’ ನಾಚಿಕೆಯಾಯಿತು. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಮುಂದುವರಿಸಿದೆ.

ಜುಲೈ 31
ಈಗೀಗ ಬುಧವಾರಕ್ಕೆ ಕಾಯುತ್ತೇನೆ. ವಾರವಿಡೀ ಆದದ್ದನ್ನೆಲ್ಲ ಅವಳಿಗೆ ಹೇಳುವುದು. ಹೇಳಿ, ನಿಂತು, ಕೇಳುವುದು. ಆ ನಿಲ್ಲುವುದಿದೆಯಲ್ಲ... ಅದು ಅವಳ ಸರದಿ ಅನ್ನಿಸುತ್ತದೆ. ಇದ್ದಾಗ ಇಷ್ಟು ಮಾತಾಡಿರಲಿಲ್ಲ ನಾವು. ‘ಊಟ?’ ‘ಆಯ್ತು.’ ಅಷ್ಟೇ. ನಿನ್ನೆ ಮನೆಯಲ್ಲೂ ಮಾತಾಡಲು ನೋಡಿದೆ. ಗೋಡೆಗಳ ಮಧ್ಯೆ ಮಾತೇ ಹೊರಡಲಿಲ್ಲ.

ಆಗಸ್ಟ್ 14
ಪುಷ್ಪಳಿಗೆ ಕಾಮಗೆರೆಯಲ್ಲಿ ನಡೆದ ಅವಳ ತಂಗಿಯ ಮೊಮ್ಮಗುವಿನ ನಾಮಕರಣದ ಸುದ್ದಿ ಹೇಳುತ್ತಿದ್ದೆ — ಯಾರು ಬಂದರು, ಯಾರು ಮುಖ ಊದಿಸಿಕೊಂಡರು. ಹೇಳುತ್ತ ಹೇಳುತ್ತ ನಗು ಬಂತು. ನಿಂತು ಕೇಳುವುದನ್ನೇ ಮರೆತೆ. ತಿರುವಿನಲ್ಲಿ, ಬಿದಿರ ಪಕ್ಕ, ಆನೆ. ಜೊತೆಗೆ ಮರಿ. ಕಿವಿ ಅಗಲಿಸಿ ನಿಂತಿತ್ತು.

ಓಡಬಾರದು ಅಂತ ಜಡೇಸ್ವಾಮಿ ಹೇಳಿಕೊಟ್ಟಿದ್ದ. ಅದರ ಕಡೆ ಮುಖ ಇಟ್ಟುಕೊಂಡೇ ಮೆಲ್ಲಗೆ ಹಿಂದೆ ಹಿಂದೆ ಸರಿದೆ. ನುಗ್ಗಿ ಬಂತು. ಸತ್ತೆ ಅಂದುಕೊಂಡೆ. ಅರ್ಧಕ್ಕೇ ನಿಂತಿತು. ಮರಿ ಬಿದಿರೊಳಗೆ ನುಸುಳಿದ ಮೇಲೆ ಅದೂ ಹೋಯಿತು.

ಸಂಜೆಯೊಳಗೆ ಸುದ್ದಿ ರೇಂಜ್ ಆಫೀಸ್ ಮುಟ್ಟಿದೆ. ಇನ್ನು ಆ ದಾರಿಯಲ್ಲಿ ಯಾರೂ ಒಂಟಿಯಾಗಿ ಹೋಗುವಂತಿಲ್ಲವಂತೆ.

ಆಗಸ್ಟ್ 20, ಮಂಗಳವಾರ
ಜಡೇಸ್ವಾಮಿ ಫೋನ್ ಮಾಡಿದ.

“ಕಾಲು ಸರಿಯಾಯ್ತು ಸಾ. ನಾಳಿಂದ ನಾನೇ ಬತ್ತೀನಿ. ಒಬ್ರೇ ಓಗಿ ಬಂದು ಬೇಜಾರಾಗಿರ್ಬೇಕು ನಿಮ್ಗೆ.”

“ಬಾರಪ್ಪ” ಅಂದೆ. ಒಳ್ಳೆಯ ಮನುಷ್ಯ. ಜೀವ ಉಳಿಯಬೇಕಾದರೆ ಜೊತೆಗೊಬ್ಬ ಬೇಕು, ಗೊತ್ತು ನನಗೆ. ಸಂತೋಷವಾಗಬೇಕಿತ್ತು. ಆಗುತ್ತಿಲ್ಲ.

ಅವನೆದುರು ಅವಳ ಹತ್ತಿರ ಮಾತಾಡಲಾಗುವುದಿಲ್ಲ. ನಾಳೆ ಬುಧವಾರ ಅಂತ ಅವಳೂ ಕಾಯುತ್ತಿದ್ದರೆ... ನಾನು ತುಟಿ ಬಿಚ್ಚದೆ ಅವನ ಹಿಂದೆ ಹೋಗುವುದನ್ನು ನೋಡಿ, ಏನಂದುಕೊಳ್ಳುತ್ತಾಳೋ.