ನನಗೊಬ್ಬಳಿಗೇ ಕಾಣುತ್ತಿದ್ದ ಕೋರಿಕೆ

ಮಾನ್ಯ ನಿರ್ವಾಹಕರೇ,

ಈ ಪತ್ರವನ್ನು ನಮ್ಮ ವೇದಿಕೆಯಲ್ಲೇ ಹಾಕಬಹುದಿತ್ತು. ಹಾಕಿದರೆ ಅದನ್ನು ಓದುವ ಭಾಗ್ಯ ನನಗೊಬ್ಬಳಿಗೇ ಎಂಬುದು ಈಗ ಗೊತ್ತಾಗಿರುವುದರಿಂದ ಪತ್ರಿಕೆಯ ಮೊರೆ ಹೋಗಿದ್ದೇನೆ. ಕೋಲ್ಕತ್ತಾದ ಕನ್ನಡಿಗರಿಗಾಗಿ ನೀವು ನಡೆಸುವ ಆನ್‌ಲೈನ್ ವೇದಿಕೆಯಲ್ಲಿ ಒಬ್ಬ ಸದಸ್ಯರ ಬರಹವನ್ನು ಅವರ ಪರದೆಯ ಮೇಲೆ ಇದ್ದಂತೆಯೇ ಉಳಿಸಿ, ಮಿಕ್ಕ ಎಲ್ಲರಿಗೂ ಕಾಣದಂತೆ ಮಾಡುವ ಅಧಿಕಾರ ನಿಮಗಿದೆ. ಅದನ್ನು ನನ್ನ ಮೇಲೆ ಪ್ರಯೋಗಿಸಿದಿರಿ, ಹೇಳಲಿಲ್ಲ. ಅಂಥದೊಂದು ಅಧಿಕಾರ ನಿಮಗಿದೆ ಎಂಬುದನ್ನೇ ಯಾರಿಗೂ ಎಂದೂ ಹೇಳಿರಲಿಲ್ಲ. ನನ್ನ ದೂರು ಇಷ್ಟೇ. ಜಗಳವಾಡುವ ತ್ರಾಣ ಉಳಿದಿಲ್ಲ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ನಮ್ಮಲ್ಲೊಂದು ಪದ್ಧತಿ ಇದೆ. ನಿಮಗೆ ಗೊತ್ತು, ಇದನ್ನು ಓದುವ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಕನ್ನಡ ಬಿಟ್ಟು ಬೇರೆ ಮಾತು ಬಾರದ ಹಿರಿಯರು ಯಾರಾದರೂ ಇಲ್ಲಿ ಆಸ್ಪತ್ರೆ ಸೇರಿದರೆ, ಮನೆಯವರು ವೇದಿಕೆಯಲ್ಲಿ ಒಂದು ಕೋರಿಕೆ ಹಾಕುತ್ತಾರೆ. ಪುರಸೊತ್ತಿದ್ದವರು ಸರದಿಯ ಮೇಲೆ ಬಂದು ಹಾಸಿಗೆಯ ಪಕ್ಕ ಕೂರುತ್ತಾರೆ. ಔಷಧ ತರುವುದಕ್ಕಲ್ಲ, ಬರೀ ಮಾತಿಗೆ. ನರ್ಸ್ ಹೇಳಿದ್ದನ್ನು ರೋಗಿಗೆ, ರೋಗಿ ಹೇಳಿದ್ದನ್ನು ನರ್ಸಿಗೆ ತಿಳಿಸುವುದಕ್ಕೆ. ವೇದಿಕೆಯ ಸದಸ್ಯ ಯಶವಂತರ ತಾಯಿ ಸೊಂಟ ಮುರಿದುಕೊಂಡಾಗ ನಾನೂ ಹೋಗಿ ಕೂತಿದ್ದೆ; ಆಕೆ ಅರ್ಧ ಮಧ್ಯಾಹ್ನ ನನಗೆ ಬಸ್ಸಾರು ಮಾಡುವುದನ್ನು ಹೇಳಿಕೊಟ್ಟರು. ಈ ಪದ್ಧತಿಗೆ ಒಂದೇ ಕಟ್ಟಳೆ: ಯಾರನ್ನೂ ಹೆಸರು ಹಿಡಿದು ಕೇಳುವಂತಿಲ್ಲ, ಫೋನ್ ಮಾಡಿ ಕರೆಯುವಂತಿಲ್ಲ. ಹಾಗೆ ಕರೆದರೆ ಪಾಪ, ದಾಕ್ಷಿಣ್ಯಕ್ಕೆ ಬಿದ್ದು ಕೆಲಸ ಬಿಟ್ಟು ಬರುತ್ತಾರೆ. ಎಲ್ಲರಿಗೂ ಕಾಣುವಂತೆ ಒಮ್ಮೆ ಹೇಳಿ ಸುಮ್ಮನಿರಬೇಕು. ಬರುವವರು ಬರುತ್ತಾರೆ.

‘ಎಲ್ಲರಿಗೂ ಕಾಣುವಂತೆ’ ಎಂಬುದರ ಮೇಲೆಯೇ ಇಡೀ ಪದ್ಧತಿ ನಿಂತಿದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲವಷ್ಟೆ?

ನನ್ನ ದೊಡ್ಡಪ್ಪ ನರಹರಿ ದಕ್ಷಿಣೇಶ್ವರ ನೋಡಬೇಕೆಂದು ಧಾರವಾಡದಿಂದ ಬಂದಿದ್ದರು. ನೋಡಿದರು, ದೋಣಿಯಲ್ಲಿ ಹೊಳೆ ದಾಟಿದರು, ಅದಾದ ಕೆಲವೇ ದಿನಕ್ಕೆ ಹೊಟ್ಟೆ ಹಿಡಿದುಕೊಂಡು ಮಲಗಿದರು. ಪಿತ್ತಕೋಶದಲ್ಲಿ ಕಲ್ಲು, ಜೊತೆಗೆ ಕೀವು. ತಕ್ಷಣ ಆಪರೇಷನ್ ಆಗಬೇಕೆಂದರು. ನನ್ನ ಗಂಡ ಶ್ರೀಕರ ಕಚೇರಿ ಕೆಲಸದ ಮೇಲೆ ಗುವಾಹಟಿಯಲ್ಲಿದ್ದರು. ಸೆಕ್ಟರ್ ಫೈವ್‌ನ ನನ್ನ ಕಚೇರಿಯಲ್ಲಿ ಆಪರೇಷನ್ನಿನ ದಿನಕ್ಕೆ ಹೇಗೋ ರಜೆ ಸಿಕ್ಕಿತು, ಮುಂದಕ್ಕೆ ಸಿಗಲಿಲ್ಲ. ಆಸ್ಪತ್ರೆ, ವಾರ್ಡು, ಹಗಲು ಯಾರಾದರೂ ಬಂದು ಕೂರಬಹುದೇ ಎಂಬ ಮಾತು, ಎಲ್ಲ ಬರೆದು ವೇದಿಕೆಯಲ್ಲಿ ಹಾಕಿದೆ. ನನ್ನ ಪರದೆಯ ಮೇಲೆ ಅದು ಚೆಂದವಾಗಿ ಕಾಣುತ್ತಿತ್ತು. ಯಾರೂ ಉತ್ತರಿಸಲಿಲ್ಲ, ಯಾರೂ ಬರಲಿಲ್ಲ.

ಆಪರೇಷನ್ ಆದ ಮರುದಿನವೂ ಅವರಿಗೆ ನೀರು ಕೊಡಬಾರದು ಎಂದಿದ್ದರು ಡಾಕ್ಟರು. ನಾನು ಹಿಂದಿನ ಸಂಜೆ ಹೇಳಿದ್ದೆ. ಅರೆಮಂಪರಿನಲ್ಲಿ ಅವರ ತಲೆಗೆ ಹೋಗಿರಲಿಲ್ಲ. ಅವರ ಫೋನು ನನ್ನ ಚೀಲದಲ್ಲೇ ಉಳಿದುಬಿಟ್ಟಿತ್ತು. ಕೆಲಸ ಮುಗಿಸಿ ಹೋದಾಗ ನೋಡಿದ್ದನ್ನು ಹೇಗೆ ಬರೆಯಲಿ? ಎಪ್ಪತ್ತು ದಾಟಿದ ಮನುಷ್ಯ, ಜೀವಮಾನದಲ್ಲಿ ಯಾರ ಮುಂದೆಯೂ ಏನನ್ನೂ ಬೇಡದವರು, ವಾರ್ಡಿನ ಆಯಾಗೆ ಎರಡೂ ಕೈ ಮುಗಿದುಕೊಂಡು ಮಲಗಿದ್ದರು. ಬೆಳಿಗ್ಗೆಯಿಂದ ಹೀಗೇ ಮಾಡುತ್ತಿದ್ದಾರೆ ಎಂದು ಆಕೆ ಬಂಗಾಳಿಯಲ್ಲಿ ನನಗೆ ಹೇಳಿದಳು. ನಾಳೆ ಕೊಡುತ್ತೇವೆ ದಾದು, ಅಂದರೆ ಅಜ್ಜಾ, ಎಂದು ಸಾರಿಸಾರಿ ಹೇಳಿದ್ದಳಂತೆ, ಒದ್ದೆ ಹತ್ತಿಯಿಂದ ತುಟಿ ಒರೆಸಿದ್ದಳಂತೆ. ಒಳ್ಳೆಯ ಹೆಂಗಸು, ಅಳುವಂತಾಗಿದ್ದಳು. ಅವಳ ಒಂದು ಮಾತೂ ಅವರಿಗೆ ತಿಳಿದಿರಲಿಲ್ಲ.

ದೊಡ್ಡಪ್ಪ ನನ್ನನ್ನು ನೋಡಿ ಕೇಳಿದ್ದು ಇದು: “ನೀರು ಕೇಳಿದ್ದು ತಪ್ಪಾತೇನವಾ? ನಮ್ಮ ಮಂದಿ ಒಬ್ರೂ ಇಲ್ಲೇನು ಈ ಊರಾಗ?”

ಇದ್ದಾರೆ, ಕೆಲಸದಲ್ಲಿದ್ದಾರೆ ಎಂದೆ. ಒಳಗೊಳಗೇ ಕುದಿಯುತ್ತಿದ್ದೆ. ಮೈಸೂರು ಕಡೆಯ ಗೆಳತಿ ಮಾನಸ ಆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇರುವವಳು, ಅವಳೂ ಬರಲಿಲ್ಲವಲ್ಲ! ಕಟ್ಟಳೆ ಮುರಿದು ಅವಳಿಗೆ ಫೋನ್ ಮಾಡಲಿಲ್ಲ. ದೊಡ್ಡಪ್ಪ ಧಾರವಾಡಕ್ಕೆ ಮರಳಿದ ಮೇಲೂ ಕಚೇರಿಯ ಹೊರಗೆ ಅವಳು ಎದುರಾದರೆ ಮುಖ ತಿರುಗಿಸಿ ನಡೆಯುತ್ತಿದ್ದೆ. ಕೊನೆಗೆ ಒಂದು ದಿನ ಅವಳೇ ಕೈ ಹಿಡಿದು ನಿಲ್ಲಿಸಿ, ಏನಾಯಿತು ಎಂದು ಕೇಳಿದಳು. ಹೇಳಿದೆ, ಹೇಳಬಾರದ ಮಾತನ್ನೂ ಸೇರಿಸಿ. ಅವಳು ಫೋನ್ ತೆಗೆದು ವೇದಿಕೆಯನ್ನು ಮೇಲಿಂದ ಕೆಳಕ್ಕೆ ಹುಡುಕಿ ನನ್ನ ಕೈಗಿಟ್ಟಳು. “ಎಲ್ಲಿದೆ ತೋರಿಸೇ. ನನಗೆ ಕಾಣ್ತಾನೇ ಇಲ್ಲ.”

ಆಮೇಲೆ ನಿಮ್ಮನ್ನು ಕೇಳಿದೆ. ನಿಮ್ಮ ಉತ್ತರ ಬಹಳ ಸೌಜನ್ಯದಿಂದ ಕೂಡಿತ್ತು. ರಾಜ್ಯೋತ್ಸವದ ಸಮಿತಿಯನ್ನು ಆರಿಸಿದವರು ಯಾರು ಎಂದು ಸಂಶೋಧನಾ ವಿದ್ಯಾರ್ಥಿನಿ ಸಮೀಕ್ಷಾ ಕೇಳಿದ ಪ್ರಶ್ನೆ ಮಾಯವಾದಾಗ, ಅದು ಎಲ್ಲಿ ಹೋಯಿತು ಎಂದು ನಾನು ಕೇಳಿದ್ದೆನಂತೆ. ಅಂದಿನಿಂದ ನನ್ನ ಬರಹಗಳೆಲ್ಲ ತಾವಾಗಿಯೇ ಮರೆಗೆ ಹೋಗುವಂತೆ ವ್ಯವಸ್ಥೆ ಮಾಡಿದ್ದಿರಂತೆ. ಬಹಿರಂಗವಾಗಿ ತಡೆದರೆ ನನಗೇ ಮುಜುಗರವಾದೀತೆಂಬ ಕಾಳಜಿಯಂತೆ. ಆಸ್ಪತ್ರೆಯ ಕೋರಿಕೆ ಗಮನಕ್ಕೆ ಬರಲಿಲ್ಲವಂತೆ. ಆಹಾ, ಎಂಥ ಕಾಳಜಿ! ನನ್ನ ಮಾನ ಕಾಪಾಡಿದಿರಿ, ದೊಡ್ಡಪ್ಪ ಕೈ ಮುಗಿದುಕೊಂಡು ಮಲಗಿದ್ದರು.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಷೇರು ಕೊಳ್ಳಿರೆಂದು ನಿತ್ಯ ಪೀಡಿಸುತ್ತಿದ್ದವನನ್ನು ಓಡಿಸಿದವರು ನೀವೇ. ಹೆಣ್ಣುಮಕ್ಕಳ ಫೋಟೋದ ಕೆಳಗೆ ಹೊಲಸು ಬರೆದವನನ್ನು ಹೊರಹಾಕಿದವರೂ ನೀವೇ. ಬಿಟ್ಟಿ ಚಾಕರಿ, ಮೇಲೆ ಬೈಗುಳ. ಅಧಿಕಾರವೇ ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ಆದರೆ ನಿಯಮಗಳ ಪುಟದಲ್ಲಿ ‘ಸೌಹಾರ್ದ ಕಾಪಾಡಲು ಅಗತ್ಯ ಕ್ರಮ ಕೈಗೊಳ್ಳಲಾಗುವುದು’ ಎಂದು ಒಂದು ಸಾಲು ಬರೆದುಬಿಟ್ಟರೆ ಮುಗಿಯಿತೇ? ಎಲ್ಲ ಬಿಚ್ಚಿ ಹೇಳಿದರೆ ಕಿಡಿಗೇಡಿಗಳು ಕಳ್ಳದಾರಿ ಹುಡುಕುತ್ತಾರೆ ಎಂದಿರಿ. ಹುಡುಕಲಿ ಬಿಡಿ. ಅವರ ಹೆದರಿಕೆಗೆ ಉಳಿದವರನ್ನೆಲ್ಲ ಕತ್ತಲಲ್ಲಿಡುವುದು ಯಾವ ನ್ಯಾಯ? ಬಾಗಿಲಿಗೆ ಬೀಗ ಹಾಕಿ, ಬೇಡವೆಂದವರಾರು? ಹಾಕಿದ್ದು ಹೊರಗೆ ನಿಂತವರಿಗೆ ಕಾಣಲಿ. ಕಂಡಿದ್ದರೆ ನಾನು ಬೇರೆ ಬಾಗಿಲು ತಟ್ಟುತ್ತಿದ್ದೆ. ಕಟ್ಟಳೆ ಗಿಟ್ಟಳೆ ಎನ್ನದೆ ಮಾನಸಳಿಗೆ ಫೋನ್ ಮಾಡುತ್ತಿದ್ದೆ. ಅವಳು ನಡೆದುಕೊಂಡೇ ಬರುತ್ತಿದ್ದಳು.

ನಡೆದದ್ದನ್ನು ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. ಯಾರಿಗೂ ಗೊತ್ತೇ ಇರಲಿಲ್ಲ, ನನಗೆ ಕಾಣುತ್ತಿದ್ದದ್ದು ಬೇರೆ ಯಾರಿಗೂ ಕಾಣುತ್ತಿರಲಿಲ್ಲ ಎಂದೆ. ಹೇಳುವಾಗ ನನಗೇ ಅದು ಕಟ್ಟುಕತೆಯಂತೆ ಕೇಳಿಸಿತು. ಅವರು “ಇರಲಿ ಬಿಡವಾ. ನಿನ್ನ ಮಂದೀನ್ನ ನೀ ಬಿಟ್ಟು ಕೊಡಂಗಿಲ್ಲ, ಚಲೋನ ಆತು” ಎಂದರು. ನಂಬಲಿಲ್ಲ. ಈ ಊರಿನ ಕನ್ನಡಿಗರೆಲ್ಲರ ಪರವಾಗಿ ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡರು, ಅದಕ್ಕೆ ನನ್ನನ್ನು ಮೆಚ್ಚಿಯೂ ಬಿಟ್ಟರು.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ನಿಮ್ಮ ಕೈಯಲ್ಲಿ ಯಾವ ಯಾವ ಅಧಿಕಾರವಿದೆ ಎಂಬುದನ್ನು ಸದಸ್ಯರಿಗೆ ತಿಳಿಯುವ ಮಾತಿನಲ್ಲಿ ಬರೆದು ಹಾಕಿ. ಯಾರ ಬರಹವನ್ನು ಮರೆಮಾಡಿದರೂ ಅವರಿಗೆ ಅಂದೇ ತಿಳಿಸಿ, ಮುಜುಗರವಾದರೆ ಆಗಲಿ. ನನ್ನ ಕ್ಷಮೆ ಕೇಳಬೇಕಾಗಿಲ್ಲ. ದೊಡ್ಡಪ್ಪನ ವಿಳಾಸವನ್ನು ನಿಮಗೆ ಬೇರೆಯಾಗಿ ಕಳಿಸಿದ್ದೇನೆ. ಅವರಿಗೊಂದು ಕಾಗದ ಬರೆಯಿರಿ. ನಮ್ಮ ಮಂದಿ ಈ ಊರಲ್ಲಿ ಇದ್ದರು, ಗೊತ್ತಾಗಿದ್ದರೆ ಬರುತ್ತಿದ್ದರು, ಕರೆದದ್ದು ಅವರಿಗೆ ಮುಟ್ಟದಂತೆ ಮಾಡಿದವನು ನಾನು ಎಂದು ಬರೆಯಿರಿ. ನಾನು ಹೇಳಿದರೆ ಅವರು ನಂಬುವುದಿಲ್ಲ. ಕನ್ನಡದಲ್ಲೇ ಬರೆಯಿರಿ, ಅವರಿಗೆ ಬೇರೆ ಬಾರದು.

ಇಂತಿ,
ತನ್ನ ಪರದೆಯ ಮೇಲೆ ಇನ್ನೂ ನಿಮ್ಮ ಸದಸ್ಯೆಯಾಗಿಯೇ ಇರುವ
ಅಪರ್ಣಾ
ಕೋಲ್ಕತ್ತಾ