ಕಲ್ಲಿನ ಮೇಲೆ ನಿಂತ ಪಿಕಪ್

ನವೆಂಬರ್ ೯, ಭಾನುವಾರ

ಮೂರು ಸಲ ಸೋಪು ಹಾಕಿದರೂ ಕೈಯಿಂದ ಪೆಟ್ರೋಲ್ ವಾಸನೆ ಹೋಗಿಲ್ಲ. ಹೋಗದಿದ್ದರೂ ಪರವಾಗಿಲ್ಲ.

ಹದಿನಾಲ್ಕು ವರ್ಷದ ಮೇಲೆ ಇವತ್ತು ಅಮ್ಮನ ಪಿಕಪ್ ಶುರುವಾಯಿತು. ನಾನೂ ಅಣ್ಣನೂ ನಾಲ್ಕು ಭಾನುವಾರ ಅದರ ಹೊಟ್ಟೆ ಬಗೆದಿದ್ದೆವು. ಪ್ಲಗ್ಗು ಹೊಸದು, ಬ್ಯಾಟರಿ ಹೊಸದು, ಆದರೂ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ನಾಳೆ ಗುಜರಿಯವನಿಗೆ ಕೊಟ್ಟುಬಿಡುತ್ತೇನೆಂದು ಅಣ್ಣ ಸ್ಪ್ಯಾನರ್ ಎಸೆದ.

ಶೆಡ್ಡಿನ ಬಾಗಿಲಲ್ಲಿ ಕೂತಿದ್ದ ಅಮ್ಮ ಕೇಳಿದಳು, "ಸೈಲೆನ್ಸರ್‌ಗೆ ತುರುಕಿದ್ದ ಟವೆಲ್ ತೆಗೆದ್ರಾ?"

ಕಣ್ಣು ಮಂಜಾಗಿ ಗಾಡಿ ನಿಲ್ಲಿಸಿದ ದಿನ, ಇಲಿ ಹೋಗದಿರಲೆಂದು ಅವಳೇ ಕೋಲಿನಿಂದ ಒಳಗೆ ತಳ್ಳಿದ್ದಳಂತೆ.

"ಮೊದ್ಲೇ ಹೇಳೋಕೇನಾಗಿತ್ತು?" ಎಂದ ಅಣ್ಣ.

"ನೀನು ಸುಮ್ನೆ ಕೂತ್ಕೊ ಅಂದಿದ್ರಲ್ಲ."

ಟವೆಲ್ ಎಳೆದೆವು. ಮೊದಲ ಸಲಕ್ಕೇ ಎಂಜಿನ್ ಹಿಡಿಯಿತು.

ಹಿಂದಿನ ಟೈರುಗಳು ಇನ್ನೂ ಬಂದಿಲ್ಲ, ಗಾಡಿ ಕಲ್ಲಿನ ಮೇಲಿದೆ. ಅಮ್ಮ ತಡವಿಕೊಂಡು ಬಂದು ಸ್ಟೇರಿಂಗ್ ಹಿಂದೆ ಕೂತಳು. ನಾನು ಪಕ್ಕದಲ್ಲಿ. ಒಂದು, ಎರಡು, ಮೂರು, ಗೇರುಗಳು ತಾವಾಗಿಯೇ ಅವಳ ಕೈಗೆ ಬಂದವು. ಹಿಂದೆ ಬರಿ ಗಾಲಿಗಳು ಗಾಳಿಯಲ್ಲಿ ತಿರುಗುತ್ತಿದ್ದವು. ಚಿಕ್ಕಂದಿನಲ್ಲಿ, ಅಮ್ಮ ಮಾರಲು ಹೂಗಿಡ ತುಂಬಿಕೊಂಡು ನಸುಕಿಗೆ ಹೊರಡುತ್ತಿದ್ದಾಗಲೂ ನಾನು ಹೀಗೇ ಅವಳ ಪಕ್ಕ ತೂಕಡಿಸುತ್ತಿದ್ದೆ. ಎದುರಿಗಿದ್ದ ಗೋಡೆ ಯಾವಾಗ ಸರಿದು ದಾರಿ ಬಿಟ್ಟಿತೋ ಗೊತ್ತಾಗಲಿಲ್ಲ. ಅಮ್ಮ ಒಂದು ತಿರುವು ತೆಗೆದುಕೊಂಡಳು, ಇನ್ನೊಂದು.

"ಸೇತುವೆ ಬಂತು, ಕಿಟಕಿ ಏರಿಸು," ಎಂದಳು. "ಹೊಳೆ ಗಾಳಿ ಥಂಡಿ."

ಏರಿಸಿದೆ. ನನಗೂ ಆಗಲೇ ಚಳಿ ಹತ್ತಿತ್ತು.